ಓದುಗರ ಸ್ಪಂದನ: ಸಂಜೆಯಾದರೆ ‘ಊರಿಗೆ ಹೋಗ್ತೀನಿ’ ಅನ್ನುವ ಮಾವ

ಸಮಸ್ಯೆ: ಮಂಡ್ಯ ಕಡೆಯ ಹಳ್ಳಿಯಿಂದ ಮೈಸೂರಿನ ನಮ್ಮ ಮನೆಗೆ ಕರೆತಂದಿರುವ 78 ವರ್ಷದ ಮಾವನಿಗೆ ಮರೆವಿನ ಕಾಯಿಲೆ. ಸಂಜೆಯಾದರೆ ‘ಹಸು ಕಟ್ಟಬೇಕು, ಊರಿಗೆ ಹೋಗ್ತೀನಿ’ ಎಂದು ಬಾಗಿಲಿಗೆ ಹೋಗುತ್ತಾರೆ. ಹತ್ತು ದಿನದಿಂದ ಗಲಾಟೆ ವಿಪರೀತ. ಊಟಕ್ಕೆ ಕೂತರೆ ಕೆಮ್ಮು. ಏನು ಮಾಡಲಿ? – ಒಬ್ಬ ಸೊಸೆ

ತಾಯಿ, ನಿಮ್ಮ ಪತ್ರದಲ್ಲಿ ‘ಹತ್ತು ದಿನದಿಂದ’ ಅನ್ನುವ ಮಾತೇ ಮುಖ್ಯ. ಮರೆವಿನ ಕಾಯಿಲೆ ಸಾಮಾನ್ಯವಾಗಿ ತಿಂಗಳು, ವರ್ಷಗಳ ಲೆಕ್ಕದಲ್ಲಿ ಬೆಳೆಯುತ್ತದೆ. ದಿಢೀರನೆ ಏರಿದರೆ ಮೈಯಲ್ಲಿ ಬೇರೇನೋ ಆಗಿರಬೇಕು. ಮೂತ್ರದ ಸೋಂಕು, ಮಲಬದ್ಧತೆ, ನೀರು ಸಾಲದಿರುವುದು, ರಕ್ತದಲ್ಲಿ ಸೋಡಿಯಂ (ಉಪ್ಪಿನಂಶ) ಇಳಿಯುವುದು, ಇವೇ ಹೆಚ್ಚು. ಈ ವಯಸ್ಸಿನಲ್ಲಿ ಸೋಂಕಿದ್ದರೂ ಜ್ವರ ಕಾಣದೇ ಹೋಗಬಹುದು. ಬಿ.ಪಿ.ಗೆ ನೀರಿಳಿಸುವ ಮಾತ್ರೆ ನುಂಗುತ್ತಾ ಉಪ್ಪನ್ನೂ ಬಿಟ್ಟವರಲ್ಲಿ ಸೋಡಿಯಂ ಬೇಗ ಕುಸಿಯುತ್ತದೆ. ನೆಗಡಿಗೋ ತುರಿಕೆಗೋ ಅಂಗಡಿಯಲ್ಲಿ ತಂದ ಮಾತ್ರೆಯೂ ತಲೆಯನ್ನು ಮಂಕು ಮಾಡುತ್ತದೆ. ಹಾಗಾಗಿ ಎರಡು ದಿನದೊಳಗೆ ಕೆ.ಆರ್. ಆಸ್ಪತ್ರೆಗೋ ನಿಮ್ಮ ವೈದ್ಯರ ಬಳಿಗೋ ಕರೆದೊಯ್ಯಿರಿ. ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಮೂತ್ರ, ಸೋಡಿಯಂ, ಸಕ್ಕರೆ, ಥೈರಾಯ್ಡ್, ಬಿ12 ನೋಡಲು ಕೇಳಿ. ಈಚೆಗೆ ಬಿದ್ದಿದ್ದರೆ ಮರೆಯದೆ ಹೇಳಿ. ಸಣ್ಣ ಪೆಟ್ಟಿಗೂ ತಲೆಬುರುಡೆಯೊಳಗೆ ರಕ್ತ ನಿಧಾನವಾಗಿ ಶೇಖರವಾಗಿ, ವಾರಗಳ ನಂತರ ಹೀಗೆ ತೋರುವುದುಂಟು. ಇದನ್ನೆಲ್ಲ ನೋಡದೆ ನಿದ್ದೆ ಮಾತ್ರೆ ಕೊಡಿಸಲೇಬೇಡಿ. ಅದರಿಂದ ಬೀಳುವ ಭಯವೇ ಹೆಚ್ಚು.

ಇನ್ನು ಸಂಜೆಯ ಮಾತು. ಐದೂವರೆಗೇ, ಕತ್ತಲಾಗುವ ಮೊದಲೇ ದೀಪ ಹಾಕಿ, ಕಿಟಕಿಯ ಪರದೆ ಎಳೆಯಿರಿ. ಗಾಜಿನಲ್ಲಿ ಕಾಣುವ ತಮ್ಮ ನೆರಳನ್ನೇ ಅವರು ಬೇರೆ ಯಾರೋ ಎಂದುಕೊಳ್ಳಬಹುದು. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆಗೆ ಸಾಕು, ಎರಡರ ನಂತರ ಕಾಫಿ ಬೇಡ. ‘ಇದೇ ನಿಮ್ಮನೆ ಮಾವ’ ಎಂದು ವಾದಕ್ಕಿಳಿದರೆ ಸಿಟ್ಟು ಏರುತ್ತದೆ. ‘ಹಸು ಎಷ್ಟು ಹಾಲು ಕೊಡ್ತಿತ್ತು ಮಾವ?’ ಎಂದು ಕೇಳಿ, ಒಂದು ಮೊರ ಅವರೆಕಾಯಿ ಮುಂದಿಡಿ. ಕಾಯಿ ಬಿಡಿಸುವುದು ಬೆರಳಿಗೆ ಗೊತ್ತು, ಅದಕ್ಕೆ ನೆನಪು ಬೇಕಿಲ್ಲ. ಆದರೂ ಎದ್ದರೆ ತಡೆಯದೆ ಜೊತೆಗೆ ಒಂದು ಬೀದಿ ಸುತ್ತಿ ಬನ್ನಿ. ವಾಪಸು ಬಂದಾಗ ‘ಮನೆ ಬಂತು’ ಎಂದು ತಾವೇ ಚಪ್ಪಲಿ ಬಿಡುವವರಿದ್ದಾರೆ.
– ನಿವೃತ್ತ ಶುಶ್ರೂಷಕಿ, ಸರಸ್ವತಿಪುರಂ

ಅಕ್ಕ, ಬಾಗಿಲ ಚಿಲಕವನ್ನು ಕಣ್ಣಿನ ಮಟ್ಟ ಬಿಟ್ಟು ಮೇಲ್ತುದಿಗೆ ಹಾಕಿಸಿ. ಅವರೊಬ್ಬರನ್ನೇ ಒಳಗೆ ಬಿಟ್ಟು ಬೀಗ ಹಾಕಬೇಡಿ. ಅಂಗಿಯ ಒಳಭಾಗಕ್ಕೆ ನಿಮ್ಮ ಫೋನ್ ನಂಬರಿನ ಬಟ್ಟೆ ಚೂರು ಹೊಲಿಯಿರಿ. ಕಳೆದುಹೋದರೆ 24 ಗಂಟೆ ಕಾಯಬೇಕೆಂಬ ನಿಯಮವಿಲ್ಲ, ಆಗಲೇ 112ಕ್ಕೆ ಕರೆ ಮಾಡಿ. ಹೊರಟಿರುವುದು ಊರಿಗಲ್ಲವೇ? ಸಬರ್ಬನ್ ಬಸ್‌ಸ್ಟ್ಯಾಂಡಿನಲ್ಲಿ ಮಂಡ್ಯದ ಬಸ್ ನಿಲ್ಲುವ ಕಡೆಗೂ ಒಬ್ಬರನ್ನು ಓಡಿಸಿ.
– ಓದುಗರು, ಕುವೆಂಪುನಗರ

ಕೆಮ್ಮನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಮ್ಮ ಕಡೆ ಮುದ್ದೆಯನ್ನು ಅಗಿಯದೆ ನುಂಗುತ್ತೇವೆ. ಈ ಕಾಯಿಲೆಯಲ್ಲಿ ನುಂಗುವ ಕ್ರಿಯೆಯೇ ತಡವಾಗುವುದರಿಂದ ಅಂಟು ಮುದ್ದೆ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಅದನ್ನು ಇಳಿಸಲೆಂದು ನೀರು ಕುಡಿಸಿದರೆ ತೆಳು ನೀರು ಶ್ವಾಸನಾಳಕ್ಕೇ ಜಾರುತ್ತದೆ. ಸದ್ಯಕ್ಕೆ ಮುದ್ದೆ ನಿಲ್ಲಿಸಿ, ಅನ್ನವನ್ನು ಸಾರಿನಲ್ಲಿ ನುಣ್ಣಗೆ ಕಿವುಚಿ ಕೊಡಿ, ಇಲ್ಲವೇ ಚಮಚದಿಂದ ನಿಧಾನವಾಗಿ ಜಾರುವಷ್ಟು ಗಟ್ಟಿ ರಾಗಿ ಗಂಜಿ. ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ತಗ್ಗಿರಲಿ. ಒಂದು ತುತ್ತು ಇಳಿದ ಮೇಲೇ ಇನ್ನೊಂದು. ಊಟವಾಗಿ ಅರ್ಧ ಗಂಟೆ ಮಲಗಿಸಬೇಡಿ. ಉಂಡ ಮೇಲೆ ದನಿ ಗೊರಗೊರ ಎಂದರೆ ಅಥವಾ ಪದೇ ಪದೇ ಜ್ವರ ಬಂದರೆ ಶ್ವಾಸಕೋಶಕ್ಕೆ ಹೋಗುತ್ತಿದೆ ಎಂದು ಅನುಮಾನಿಸಿ ತಕ್ಷಣ ತೋರಿಸಿ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿಯನ್ನೂ ಪರೀಕ್ಷೆ ಮಾಡಿಸಿ. ಕೇಳಿಸದವರು ಗೊಂದಲಕ್ಕೆ ಬೀಳುವುದೂ ಹೆಚ್ಚು.
– ನುಂಗುವಿಕೆಯ ಚಿಕಿತ್ಸಕಿ, ಮಂಡ್ಯ

ಬ್ಯಾಂಕ್ ಖಾತೆಯನ್ನು ಜಂಟಿ ಮಾಡಿಸುವುದಿದ್ದರೆ ಅವರಿಗೆ ವಿಷಯ ತಿಳಿಯುತ್ತಿರುವಾಗಲೇ ಮಾಡಿಸಿ. ಜಿಪಿಎ (ತಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಬರೆದುಕೊಡುವ ಅಧಿಕಾರ ಪತ್ರ) ಇದ್ದರೆ ಸಾಕೆಂದುಕೊಳ್ಳಬೇಡಿ, ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಅದು ನಡೆಯುವುದಿಲ್ಲ. ಹಿರಿಯರ ಸಹಾಯವಾಣಿ 14567. ನಿಮಗೇ ಸಾಕಾಗಿಹೋದಾಗ ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ರಾತ್ರಿಯೂ ಎತ್ತುತ್ತಾರೆ.
– ವಕೀಲರು, ಮೈಸೂರು