ಬಿಲ್ಡರ್ ಪೇಪರಿಗೆ ಸಹಿ ಹಾಕಿದವರು ದಯವಿಟ್ಟು ಓದಿ

ಬಿ-201, ಬುಧವಾರ ರಾತ್ರಿ
ಎಲ್ಲರಿಗೂ ನಮಸ್ಕಾರ. ಸೊಸೈಟಿಯ ದೊಡ್ಡ ಗುಂಪಿನಲ್ಲಿ ಮರಾಠಿ, ಹಿಂದಿ ಮಾತು ಬಹಳ ಬೇಗ ಓಡುತ್ತದೆ, ನಮ್ಮ ಹಿರಿಯರಿಗೆ ತಿಳಿಯುವುದಿಲ್ಲ. ಅದಕ್ಕೆ ಇಲ್ಲಿ, ನಮ್ಮ ಕನ್ನಡ ಮನೆಗಳ ಗುಂಪಿನಲ್ಲಿ ಬರೆಯುತ್ತಿದ್ದೇನೆ.

ನಮ್ಮ ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟುವ (ರಿಡೆವಲಪ್‌ಮೆಂಟ್) ವಿಷಯಕ್ಕೆ ಶನಿವಾರ ಬಿಲ್ಡರ್ ಕಡೆಯ ಹುಡುಗರು ಮನೆ ಮನೆಗೆ ಬಂದು 500 ರೂಪಾಯಿ ಸ್ಟಾಂಪ್ ಪೇಪರ್ ಮೇಲೆ ಸಹಿ ತೆಗೆದುಕೊಂಡು ಹೋಗಿದ್ದಾರೆ. ಎ-104ರ ಅಜ್ಜಿಗೆ ‘ಮೀಟಿಂಗಿನ ಹಾಜರಿ, ಅಷ್ಟೇ’ ಅಂದರಂತೆ. ಅಜ್ಜಿ ಕನ್ನಡದಲ್ಲಿ ಹೆಸರು ಬರೆದು ಕೊಟ್ಟಿದ್ದಾರೆ. ಪುಣ್ಯಕ್ಕೆ ಮೊಮ್ಮಗಳು ಫೋನಿನಲ್ಲಿ ಫೋಟೊ ತೆಗೆದಿಟ್ಟಿದ್ದಳು. ಇವತ್ತು ಅದನ್ನು ದೊಡ್ಡದು ಮಾಡಿ ಓದಿದೆ. ಇಂಗ್ಲಿಷಿನಲ್ಲಿ ಎರಡು ಪುಟದ ಒಪ್ಪಿಗೆ ಪತ್ರ ಅದು. ‘ಸದಸ್ಯರಿಗೆ ಸಿಗುವ ಹೊಸ ಕಾರ್ಪೆಟ್ ಏರಿಯಾ’, ಅಂದರೆ ಮನೆಯೊಳಗೆ ಬಳಸಲು ಸಿಗುವ ಜಾಗ, ಅಂತ ಬರೆದು ಮುಂದೆ ಜಾಗ ಖಾಲಿ ಬಿಟ್ಟಿದ್ದಾರೆ. ಕಟ್ಟಿ ಮುಗಿಯುವ ತನಕ ನಮಗೆ ತಿಂಗಳ ಬಾಡಿಗೆ ಎಷ್ಟು ಕೊಡುತ್ತಾರೆ, ಖಾಲಿ. ಎಷ್ಟು ವರ್ಷದಲ್ಲಿ ಕಟ್ಟಿ ಕೊಡುತ್ತಾರೆ, ಅದೂ ಖಾಲಿ. ಕೆಳಗೆ ಎರಡು ಮಾತು ಮಾತ್ರ ಪೂರ್ತಿ ಟೈಪ್ ಆಗಿವೆ: ಸದಸ್ಯರು ಹಿಂದೆ ಸರಿದರೆ 5 ಲಕ್ಷ ದಂಡ, ಮತ್ತು ಈ ವಿಷಯಕ್ಕೆ ಯಾರೂ ಕೋರ್ಟಿಗೆ ಹೋಗುವಂತಿಲ್ಲ.

ಯಾರ್ಯಾರು ಸಹಿ ಹಾಕಿದ್ದೀರಿ, ಯಾರಿಗೆ ಚೆಕ್ ಬಂದಿದೆ, ಹೇಳಿ. ಸಂಕೋಚ ಬೇಡ.

ಎ-303
ನಾನೂ ಹಾಕಿದೆ ಅಕ್ಕ. 25,000ದ ಚೆಕ್ ಕೊಟ್ಟರು. ಇನ್ನೂ ಬ್ಯಾಂಕಿಗೆ ಹಾಕಿಲ್ಲ, ದೇವರ ಮುಂದೆ ಇದೆ. ಪೇಪರಿಗೆ ನೋಟರಿ ಸೀಲೂ ಹೊಡೆಸುತ್ತೇವೆ ಅಂದರು. ಸೀಲ್ ಬಿದ್ದರೆ ಮುಗೀತು ಅಲ್ವಾ?

ಬಿ-402
ನಾನು ಮಾರ್ಕೆಟಿಗೆ ಹೋಗಿದ್ದೆ. ಮಗನ ಕೈಯಲ್ಲಿ ಸಹಿ ಹಾಕಿಸಿಕೊಂಡಿದ್ದಾರೆ. ಅವನಿಗೆ ಬರುವ ಮಾರ್ಚಿಗೆ 18 ತುಂಬುತ್ತದೆ. ಮನೆ ಇರುವುದು ಅವರ ಅಪ್ಪನ ಹೆಸರಿನಲ್ಲಿ, ಅವರು ಹಡಗಿನಲ್ಲಿದ್ದಾರೆ. ಹುಡುಗ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ.

ಎ-201
ಸುಮ್ನೆ ಎಲ್ಲರನ್ನೂ ಹೆದರಿಸಬೇಡಮ್ಮ. ಈ ಕಟ್ಟಡ ಇನ್ನೆಷ್ಟು ಮಳೆಗಾಲ ತಡೆಯುತ್ತದೆ? ರಿಡೆವಲಪ್‌ಮೆಂಟ್ ಆಗಲೇಬೇಕು. ಇಡೀ ಚೆಂಬೂರಿನಲ್ಲಿ ಆಗುತ್ತಿದೆ.

ಬಿ-201
ಕಾಕಾ, ರಿಡೆವಲಪ್‌ಮೆಂಟ್ ನನಗೂ ಬೇಕು. ಜುಲೈಯಲ್ಲಿ ನಮ್ಮ ಅಡುಗೆಮನೆಯ ಛತ್ತಿನಿಂದ ಅಂಗೈ ಅಗಲದ ಸಿಮೆಂಟ್ ತುಂಡು ಒಲೆಯ ಪಕ್ಕದಲ್ಲೇ ಬಿತ್ತು. ಆದರೆ ಖಾಲಿ ಕಾಗದದ ಮೇಲೆ ಮನೆ ಬಿಟ್ಟುಕೊಡುವುದು ಬೇಡ.

ನಾನು ವಕೀಲೆ ಅಲ್ಲ. ಮುಂಬೈಯ ಫೋರ್ಟ್ ಏರಿಯಾದಲ್ಲಿ ವಕೀಲರ ಆಫೀಸಿನಲ್ಲಿ 22 ವರ್ಷ ಕರಾರು ಪತ್ರ ಟೈಪ್ ಮಾಡಿದವಳು. ಇವತ್ತು ಮಧ್ಯಾಹ್ನ ನಮ್ಮ ಹಳೆಯ ಸಾಹೇಬರಿಗೆ ಫೋಟೊ ತೋರಿಸಿ ಕೇಳಿಕೊಂಡೇ ಬಂದೆ.

ಮೊದಲು ಸೀಲಿನ ಮಾತು. ಸಹಿ ಹಾಕಿದವರು ಯಾರು ಅಂತ ನೋಡುವುದು ನೋಟರಿ ಕೆಲಸ. ಒಳಗೆ ಬರೆದದ್ದು ಸೀಲಿನಿಂದ ಸರಿಯಾಗುವುದಿಲ್ಲ. ಸ್ಟಾಂಪ್ ಪೇಪರೂ ಹಾಗೇ. 2023ರ ಡಿಸೆಂಬರ್ 13ರಂದು ಸುಪ್ರೀಂ ಕೋರ್ಟಿನ 7 ನ್ಯಾಯಾಧೀಶರು ಹೇಳಿದ್ದು ಇದು: ಸ್ಟಾಂಪ್ ಇಲ್ಲ ಅಂದ ಮಾತ್ರಕ್ಕೆ ಕರಾರು ಶೂನ್ಯ ಆಗುವುದಿಲ್ಲ, ಬಾಕಿ ಶುಲ್ಕ ಮತ್ತು ದಂಡ ಕಟ್ಟುವ ತನಕ ಅದನ್ನು ಸಾಕ್ಷಿಯಾಗಿ ತೆಗೆದುಕೊಳ್ಳುವುದಿಲ್ಲ, ಅಷ್ಟೇ. ಅಂದರೆ ಕರಾರಿನ ಜೀವ ಸ್ಟಾಂಪಿನಲ್ಲಿ ಇಲ್ಲ. ಅದು ಇರುವುದು 1872ರ ಕರಾರು ಕಾಯ್ದೆಯ 10ನೇ ಕಲಮಿನಲ್ಲಿ. ಇಬ್ಬರೂ ಮನಸ್ಸಿನಿಂದ ಒಪ್ಪಿರಬೇಕು. ಒಪ್ಪುವ ವಯಸ್ಸು, ಬುದ್ಧಿ ಇರಬೇಕು. ಕೊಡುವುದು ತೆಗೆದುಕೊಳ್ಳುವುದು ಏನಾದರೂ ಇರಬೇಕು, ಅದು ಕಾನೂನಿಗೆ ವಿರುದ್ಧ ಇರಬಾರದು.

ಬಿ-402, ಮೊದಲು ಮಗನಿಗೆ ಊಟ ಬಡಿಸಿ. 18 ತುಂಬದವರು ಮಾಡಿದ ಕರಾರು ಹುಟ್ಟುವಾಗಲೇ ಶೂನ್ಯ. 1903ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್, ಅಂದರೆ ಆಗ ನಮ್ಮ ಕೇಸುಗಳಿಗೆ ಕೊನೆಯ ಕೋರ್ಟು, ಕಲ್ಕತ್ತಾದ ಒಂದು ಕೇಸಿನಲ್ಲಿ ಇದನ್ನು ಖಡಾಖಂಡಿತ ಹೇಳಿದೆ. ಅಲ್ಲಿ ಒಬ್ಬ ಹುಡುಗ ಮನೆ ಅಡವಿಟ್ಟು ಸಾಲ ತೆಗೆದಿದ್ದ, ಆ ಅಡವು ಪತ್ರವೇ ನಿಲ್ಲಲಿಲ್ಲ. ಮೇಲಾಗಿ ನಿಮ್ಮ ಮಗ ಮಾಲೀಕನೂ ಅಲ್ಲ.

ಖಾಲಿ ಜಾಗದ ಬಗ್ಗೆ ಅದೇ ಕರಾರು ಕಾಯ್ದೆಯ 29ನೇ ಕಲಮು ನೋಡಿ. ಅರ್ಥ ಖಚಿತ ಇಲ್ಲದ, ಖಚಿತ ಮಾಡಲೂ ಆಗದ ಒಪ್ಪಂದ ಶೂನ್ಯ. ಎಷ್ಟು ಚದರಡಿ ಅಂತ ಇಲ್ಲದಿದ್ದರೆ ನಾವು ಒಪ್ಪಿದ್ದು ಯಾವುದಕ್ಕೆ? ಆದರೆ ನಮ್ಮ ಸಹಿಯ ಮೇಲೆ ಆ ಜಾಗ ನಾಳೆ ಅವರೇ ತುಂಬಬಹುದು. ನನ್ನ ಅವಸರ ಅದಕ್ಕೇ. ಫೋಟೊ ಇದ್ದವರು ಅಳಿಸಬೇಡಿ.

ಕೋರ್ಟಿಗೆ ಹೋಗುವಂತಿಲ್ಲ ಅನ್ನುವ ಮಾತು 28ನೇ ಕಲಮಿನಲ್ಲಿ ಶೂನ್ಯ. ಗಮನಿಸಿ, ಆ ಒಂದು ಮಾತು ಬಿದ್ದರೆ ಇಡೀ ಕಾಗದ ಬೀಳುವುದಿಲ್ಲ. 5 ಲಕ್ಷ ದಂಡಕ್ಕೆ 74ನೇ ಕಲಮು ಇದೆ. ಬರೆದಷ್ಟೂ ಸಿಗುವುದಿಲ್ಲ, ನ್ಯಾಯವಾದ ಪರಿಹಾರ ಎಷ್ಟು ಅಂತ ಕೋರ್ಟು ನೋಡುತ್ತದೆ.

ಈಗ ಅಜ್ಜಿಯ ವಿಷಯ. ನನಗೆ ಜಾಸ್ತಿ ಸಂಕಟ ಆಗಿದ್ದು ಇಲ್ಲೇ. ನಮ್ಮ ಉತ್ತರ ಕರ್ನಾಟಕದ ಒಬ್ಬ ಹೆಣ್ಣುಮಗಳ ಕೇಸಿದೆ, ಸುಪ್ರೀಂ ಕೋರ್ಟ್ 1968ರಲ್ಲಿ ತೀರ್ಪು ಕೊಟ್ಟದ್ದು. ಗಂಡ ಯಾವುದೋ ಹೊಲ ಅಂತ ಹೇಳಿ ದಾನಪತ್ರಕ್ಕೆ ಸಹಿ ಹಾಕಿಸಿ, ಬೇರೆ ಹೊಲಗಳನ್ನೂ ಅದರಲ್ಲೇ ಸೇರಿಸಿದ್ದ. ಕೋರ್ಟು ಹೀಗೆ ಬಿಡಿಸಿ ಹೇಳಿತು: ಕಾಗದ ಎಂಥದ್ದು ಅನ್ನುವುದರಲ್ಲೇ ಮೋಸ ಇದ್ದರೆ ಅದು ಪೂರ್ತಿ ಶೂನ್ಯ. ಕಾಗದ ಗೊತ್ತಿದ್ದು, ಒಳಗಿನ ಮಾತಿನಲ್ಲಿ ಮೋಸ ಇದ್ದರೆ ಅದು ರದ್ದು ಮಾಡಿಸಬಹುದಾದದ್ದು. ಅಂದರೆ ನಾವು ರದ್ದು ಮಾಡುವ ತನಕ ಅದು ನಡೆಯುತ್ತಲೇ ಇರುತ್ತದೆ. ಆಕೆಗೆ ಆಗಿದ್ದು ಎರಡನೆಯದು. ಆಕೆ ಕೋರ್ಟಿಗೆ ಬರುವಷ್ಟರಲ್ಲಿ ಅವಧಿ ಮೀರಿತ್ತು. ಸೋತಳು.

ಅಜ್ಜಿಗೆ ಹಾಜರಿ ಅಂತ ಹೇಳಿದ್ದರಿಂದ ಅವರದ್ದು ಮೊದಲನೆಯ ಬಗೆಯ ಮೋಸ ಅಂತ ನಾವು ವಾದಿಸಬಹುದು. ಆದರೂ ಈ ಸಹಿ ತಮಗೆ ಒಪ್ಪಿಗೆ ಇಲ್ಲ ಅಂತ ಅವರೂ ಈಗಲೇ ಬರೆದು ಕೊಡಲಿ.

ಎ-303, ನಿಮ್ಮದು ಕಷ್ಟದ್ದು ತಮ್ಮ. ನಿಮಗೆ ಇಂಗ್ಲಿಷ್ ಬರುತ್ತದೆ. ‘ಓದಲಿಲ್ಲ’ ಅನ್ನುವುದೊಂದೇ ಸಾಲುವುದಿಲ್ಲ. ಸ್ವಲ್ಪ ಎಚ್ಚರ ವಹಿಸಿದ್ದರೆ ನಿಜ ತಿಳಿಯುತ್ತಿತ್ತು ಅಂತ ಅವರು 19ನೇ ಕಲಮನ್ನೇ ತೋರಿಸಬಹುದು. ಅವರು ಬಾಯಲ್ಲಿ ಏನು ಹೇಳಿದರು, ಯಾರು ಕೇಳಿಸಿಕೊಂಡರು, ಎಲ್ಲ ಇವತ್ತೇ ಬರೆದಿಡಿ. ಚೆಕ್ ಮಾತ್ರ ಬ್ಯಾಂಕಿಗೆ ಹಾಕಲೇಬೇಡಿ. ಹಣ ತೆಗೆದುಕೊಂಡರೆ ನೀವು ಒಪ್ಪಿದ ಹಾಗೆ ಕಾಣುತ್ತದೆ. ಕರಾರು ರದ್ದು ಮಾಡುವವರು ಪಡೆದದ್ದನ್ನು ತಿರುಗಿ ಕೊಡಬೇಕು ಅಂತ 64ನೇ ಕಲಮೂ ಇದೆ.

ಎ-303
ಅವರು ಬಾಯಲ್ಲಿ ಹೇಳಿದ್ದು ಒಂದು ರೂಮ್ ಜಾಸ್ತಿ ಅಂತ. ಅದಕ್ಕೇ ಹಾಕಿದೆ. ನಾಳೆ ಚೆಕ್ಕನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸುತ್ತೇನೆ.

ಬಿ-201
ಜೆರಾಕ್ಸ್ ಇಟ್ಟುಕೊಂಡು ಕಳಿಸಿ. ಸಹಿ ಹಿಂದೆ ತೆಗೆದುಕೊಳ್ಳುವ ಪತ್ರದ ಕರಡು ನಾನು ಟೈಪ್ ಮಾಡುತ್ತೇನೆ, ಒಬ್ಬೊಬ್ಬರ ಸಂಗತಿ ಬೇರೆ, ಪತ್ರವೂ ಬೇರೆ.

ಇನ್ನೊಂದು. ಬಿಲ್ಡರ್ ಯಾರು ಅಂತ ತೀರ್ಮಾನ ಆಗಬೇಕಾದ್ದು ಮನೆ ಬಾಗಿಲಲ್ಲಿ ಅಲ್ಲ, ಸೊಸೈಟಿಯ ವಿಶೇಷ ಸಭೆಯಲ್ಲಿ. 2019ರ ಜುಲೈ 4ರ ಮಹಾರಾಷ್ಟ್ರ ಸರ್ಕಾರದ ಆದೇಶದ ಪ್ರಕಾರ ಸದಸ್ಯರಲ್ಲಿ ಮೂರರಲ್ಲಿ ಎರಡು ಪಾಲು ಜನ ಹಾಜರಿರಬೇಕು, ಒಟ್ಟು ಸದಸ್ಯರಲ್ಲಿ 51 ಶೇಕಡ ಒಪ್ಪಬೇಕು, ವಿಡಿಯೊ ಆಗಬೇಕು. ಹಾಗೆ ನಿಯಮ ಪ್ರಕಾರ ತೀರ್ಮಾನ ಆದರೆ ನಮಗೆ ಇಷ್ಟ ಇಲ್ಲದಿದ್ದರೂ ಅದಕ್ಕೆ ತಲೆಬಾಗಬೇಕು. ಅದು ನ್ಯಾಯ.

ಐದರಲ್ಲಿ ಒಂದು ಪಾಲು ಸದಸ್ಯರು ಬರೆದು ಕೊಟ್ಟರೆ ಕಮಿಟಿ ಒಂದು ತಿಂಗಳೊಳಗೆ ಸಭೆ ಕರೆಯಬೇಕು, ಮಹಾರಾಷ್ಟ್ರದ ಸಹಕಾರ ಸಂಘಗಳ ಕಾಯ್ದೆಯ 76ನೇ ಕಲಮು. ನಮ್ಮದು 40 ಫ್ಲ್ಯಾಟು, 8 ಸಹಿ ಬೇಕು. ನಾವು ಕನ್ನಡದವರು 10 ಮನೆ. ಒಂದು ಬಾಡಿಗೆಯವರದ್ದು, ಒಬ್ಬರು ಹಡಗಿನಲ್ಲಿ. ಉಳಿದದ್ದು ಸರಿಯಾಗಿ 8. ಕಾಕಾ, ನಿಮ್ಮನ್ನೂ ಸೇರಿಸಿಯೇ 8.

ಎ-201, ಗುರುವಾರ ಬೆಳಿಗ್ಗೆ
ರಾತ್ರಿ ಎರಡು ಸಲ ಓದಿದೆ. ಸಭೆ ಕರೆಯಿರಿ ಅನ್ನುವುದಕ್ಕೆ ನನ್ನದೇನೂ ಅಡ್ಡಿ ಇಲ್ಲ. ಅಲ್ಲಿ ನಾನು ರಿಡೆವಲಪ್‌ಮೆಂಟ್ ಪರವಾಗಿಯೇ ಮಾತಾಡುತ್ತೇನೆ. ಚದರಡಿ ಎಷ್ಟು ಅಂತ ನಾನೇ ಮೊದಲು ಕೇಳುತ್ತೇನೆ.

ಬಿ-201
ಕೇಳಿ ಕಾಕಾ, ಖಂಡಿತ ಕೇಳಿ. ಭಾನುವಾರ ಬೆಳಿಗ್ಗೆ 10ಕ್ಕೆ ನಮ್ಮ ಮನೆ. ಸೊಸೈಟಿಯ ಸದಸ್ಯರು ಅಂತ ತೋರಿಸುವ ಶೇರ್ ಸರ್ಟಿಫಿಕೇಟಿನ ಜೆರಾಕ್ಸ್ ತನ್ನಿ. ಸಭೆ ಕರೆಯಲು ಕೇಳುವ ಪತ್ರದ ಒಂದು ಪ್ರತಿಯ ಮೇಲೆ ಸೆಕ್ರೆಟರಿಯ ಸಹಿ, ತಾರೀಖು ತೆಗೆದುಕೊಂಡೇ ಬರೋಣ.

ಎ-104, ಮೊಮ್ಮಗಳು
ಅಕ್ಕ, ಅಜ್ಜಿ ಬರುತ್ತಾರಂತೆ. ಈ ಸಲ ಇಡೀ ಪತ್ರ ಕನ್ನಡದಲ್ಲಿ ಓದಿ ಹೇಳಿದ ಮೇಲೆಯೇ ಸಹಿ ಅಂತೆ. ಎರಡು ಸಲ ಓದಬೇಕಂತೆ.

ಬಿ-201
ಮೂರು ಸಲ ಬೇಕಾದರೂ ಓದುತ್ತೇನೆ. ಕನ್ನಡಕ ತರಲು ಹೇಳಿ.