ಸಾಗರದ ದೊಡ್ಡ ಮನೆ ಬಿಟ್ಟು ವಾಪಸ್ ಬೆಂಗಳೂರಿಗೆ, ಈ ವಯಸ್ಸಲ್ಲಿ ಸರಿನಾ?

ಅಪ್ಪೆಮಿಡಿ ಅಜ್ಜಿ:

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನನಗೆ 66, ನಮ್ಮನೆಯವರಿಗೆ 72. ಮೂವತ್ತೊಂದು ವರ್ಷ ರಾಜಾಜಿನಗರದಲ್ಲಿದ್ದೆವು. ಇವರು ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದರು. 2013ರಲ್ಲಿ ರಿಟೈರ್ ಆದ ಮೇಲೆ ಅಲ್ಲಿನ ಮನೆ ಮಾರಿ, ಸಾಗರದಿಂದ ಹದಿನಾಲ್ಕು ಕಿಲೋಮೀಟರ್ ಒಳಗಿರುವ ಊರಲ್ಲಿ ಮಾವನವರ ತೋಟದ ಪಕ್ಕ ಮನೆ ಕಟ್ಟಿದೆವು. ಮಕ್ಕಳು ಮೊಮ್ಮಕ್ಕಳು ಬಂದರೆ ಬೇಕು ಅಂತ ಐದು ಕೋಣೆ. ಮಗ ಸಿಡ್ನಿಯಲ್ಲಿ, ಮಗಳು ವೈಟ್‌ಫೀಲ್ಡಲ್ಲಿ. ಈಗ ಮೂರು ಕೋಣೆಯ ಬಾಗಿಲನ್ನು ನಾನು ತೆಗೆಯುವುದು ವರ್ಷಕ್ಕೊಂದು ಸಲ, ಅದೂ ಮಳೆಗಾಲ ಮುಗಿದ ಮೇಲೆ ಬೂಷ್ಟು ಒರೆಸುವುದಕ್ಕೆ.

ಹನ್ನೆರಡು ವರ್ಷ ಚೆನ್ನಾಗಿಯೇ ಇದ್ದೆವು, ಸುಳ್ಳು ಹೇಳಲ್ಲ. ಆದರೆ ಹೋದ ಜುಲೈನಲ್ಲಿ ಒಂದು ರಾತ್ರಿ ಇವರಿಗೆ ಎದೆನೋವು ಬಂತು. ಕರೆಂಟ್ ಇಲ್ಲ, ಫೋನ್ ಸಿಗ್ನಲ್ ಇಲ್ಲ, ರಸ್ತೆಗೆ ಅಡ್ಡ ಮರ ಬಿದ್ದಿದೆ. ಪಕ್ಕದ ಮನೆ ಹುಡುಗ ಜೀಪ್ ತಂದು, ಯಾರದೋ ತೋಟದ ಬೇಲಿ ಕಿತ್ತು ದಾರಿ ಮಾಡಿಕೊಂಡು ಸಾಗರ ಮುಟ್ಟಿಸಿದ, ಅಲ್ಲಿಂದ ಆಂಬುಲೆನ್ಸಲ್ಲಿ ಶಿವಮೊಗ್ಗ. ಸ್ಟೆಂಟ್ ಹಾಕಿದರು, ಈಗ ಆರಾಮಾಗಿದ್ದಾರೆ. ಆದರೆ ಆ ಹುಡುಗ ಈಗ ಊರಲ್ಲಿಲ್ಲ. ಅವನೂ ಬೆಂಗಳೂರಿಗೆ ಹೋದ, ಡೆಲಿವರಿ ಕೆಲಸಕ್ಕೆ. ನಮ್ಮ ಕೇರಿಯಲ್ಲಿ ಈಗ ಗಾಡಿ ಓಡಿಸುವವರು ಅಂದರೆ ಇವರೊಬ್ಬರೇ, ಇವರಿಗೆ ಡಾಕ್ಟರು ಓಡಿಸಬೇಡಿ ಅಂದಿದ್ದಾರೆ.

ಎರಡು ಬೆಡ್‌ರೂಮಿನ ಮನೆ ಸಾಕು ನಮಗೆ. ಕೊಳ್ಳೋದಾ, ಬಾಡಿಗೆನಾ? ಮಗಳು ತನ್ನ ಅಪಾರ್ಟ್‌ಮೆಂಟಿನಲ್ಲೇ ತಗೊಳ್ಳಿ ಅಂತಾಳೆ. ನನಗೆ ಆ ಕಡೆ ಏನೇನೂ ಗೊತ್ತಿಲ್ಲ, ನನ್ನ ಬೆಂಗಳೂರು ಅಂದರೆ ರಾಜಾಜಿನಗರ, ಮಲ್ಲೇಶ್ವರ, ಜಾಸ್ತಿ ಅಂದರೆ ಮೆಜೆಸ್ಟಿಕ್. ಆಮೇಲೆ ಸಾಮಾನು. ಅತ್ತೆಯವರ ಕಾಲದ ಹದಿನೇಳು ಭರಣಿ ಇದೆ, ಹಂಡೆ ಇದೆ, ಕಂಚಿನ ಪಾತ್ರೆ ಇದೆ, ಇವರ ಪುಸ್ತಕ ಎರಡು ಬೀರು. ಏನು ಮಾಡೋದು ಇದನ್ನೆಲ್ಲ?

ಕೊನೆಯದು, ಇದೇ ದೊಡ್ಡದು. ಇವರನ್ನು ಕೇಳಿದರೆ "ನೋಡೋಣ" ಅಂತಾರೆ. ನಲವತ್ನಾಲ್ಕು ವರ್ಷದಿಂದ ನೋಡಿದ್ದೇನೆ, ಇವರ "ನೋಡೋಣ" ಅಂದರೆ ಬೇಡ ಅಂತಲೇ ಅರ್ಥ.

ಹದಿನೈದನೇ ಕ್ರಾಸ್:

ಅಕ್ಕ, ನಾನು ಮೂರು ವರ್ಷದ ಹಿಂದೆ ಮೈಸೂರಿನ 40x60 ಸೈಟಿನ ಮನೆ ಬಿಟ್ಟು ಮಲ್ಲೇಶ್ವರಕ್ಕೆ ಬಂದವನು. ನಂಗೆ ಈಗ 69. ಒಂದೇ ಮಾತು, ಮೊದಲ ವರ್ಷ ಕೊಳ್ಳಬೇಡಿ. ಹನ್ನೊಂದು ತಿಂಗಳ ಅಗ್ರಿಮೆಂಟ್ ಮಾಡಿಕೊಂಡು ಬಾಡಿಗೆಗೆ ಇರಿ. ಹತ್ತು ತಿಂಗಳ ಅಡ್ವಾನ್ಸ್ ಕೇಳುವವರು ಇನ್ನೂ ಇದ್ದಾರೆ, ಗಟ್ಟಿಯಾಗಿ ಕೂತರೆ ಐದಾರಕ್ಕೆ ಇಳಿಯುತ್ತಾರೆ. ವಯಸ್ಸಾದ ಜೋಡಿ ಅಂದರೆ ಕೆಲವು ಓನರುಗಳು ಹಿಂದೆಮುಂದೆ ನೋಡುತ್ತಾರೆ, ಮನೆ ನೋಡಲಿಕ್ಕೆ ಹೋಗುವಾಗ ಮಗಳನ್ನು ಕರೆದುಕೊಂಡು ಹೋಗಿ.

ಏರಿಯಾ ವಿಷಯ. ನೀವು ಬಿಟ್ಟು ಹೋದಾಗ ಮೆಟ್ರೋ ಓಡುತ್ತಿದ್ದದ್ದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆವರೆಗೆ ಮಾತ್ರ. ಈಗ ನಿಮ್ಮ ರಾಜಾಜಿನಗರದಲ್ಲೇ ಸ್ಟೇಷನ್ ಇದೆ. ಹಸಿರು ಲೈನಲ್ಲಿ ಹತ್ತಿ ಮೆಜೆಸ್ಟಿಕ್‌ನಲ್ಲಿ ನೇರಳೆಗೆ ಬದಲಾಯಿಸಿದರೆ ವೈಟ್‌ಫೀಲ್ಡ್‌ವರೆಗೂ ಹೋಗಬಹುದು, 2023ರ ಅಕ್ಟೋಬರಿನಿಂದ ಪೂರ್ತಿ ಓಡುತ್ತಿದೆ. ಗಂಟೆಯ ಮೇಲೆ ಹಿಡಿಯುತ್ತೆ, ಟಿಕೆಟ್ಟೂ 2025ರಲ್ಲಿ ಏರಿದೆ, ಆದರೆ ಕೂತು ಹೋಗಬಹುದು, ಮಧ್ಯಾಹ್ನ ಹೊರಟರೆ. ಬಸ್ಸು ನಿಮಗೆ ಹೇಗೂ ಫ್ರೀ. ಯಜಮಾನರಿಗೆ ಹಿರಿಯ ನಾಗರಿಕರ ರಿಯಾಯಿತಿ, ಕಾಲು ಭಾಗ. ಅಂದರೆ ಮಗಳ ಮನೆ ಪಕ್ಕದಲ್ಲೇ ಇರಬೇಕು ಅಂತಿಲ್ಲ. ಹಾಲು, ತರಕಾರಿ, ಔಷಧಿ ಅಂಗಡಿ, ಒಂದು ಪಾರ್ಕು, ಒಬ್ಬ ಡಾಕ್ಟರು, ಇಷ್ಟು ಕಾಲಲ್ಲಿ ನಡೆದು ಸಿಗಬೇಕು. ನಾನು ಬೆಳಗ್ಗೆ ಸ್ಯಾಂಕಿ ಕೆರೆ ಒಂದು ಸುತ್ತು ಹಾಕಿ ಬರುತ್ತೇನೆ, ಬರುವಷ್ಟರಲ್ಲಿ ನಾಲ್ಕು ಜನ ಮಾತಾಡಿಸಿರುತ್ತಾರೆ.

ಮನೆ ನೋಡುವಾಗ ಟೈಲ್ಸ್ ನೋಡಬೇಡಿ, ಲಿಫ್ಟ್ ನೋಡಿ. ನಮ್ಮ ಕಡೆ ಹಳೇ ಕಟ್ಟಡಗಳಲ್ಲಿ ಮೂರು ಮಹಡಿಗೆ ಲಿಫ್ಟೇ ಇರಲ್ಲ. ಇದ್ದರೂ ಎರಡು ವಿಷಯ ಕೇಳಿ: ಕರೆಂಟ್ ಹೋದಾಗ ಓಡುತ್ತಾ, ಸ್ಟ್ರೆಚರ್ ಹಿಡಿಸುತ್ತಾ. ನಮ್ಮ ಕೆಳಗಿನ ಮನೆಯವರನ್ನು ಕುರ್ಚಿ ಮೇಲೆ ಕೂರಿಸಿ ಮೆಟ್ಟಿಲಲ್ಲಿ ಇಳಿಸಿದ್ದು ಕಣ್ಣಾರೆ ನೋಡಿದೆ. ಆಮೇಲೆ ನೀರು. ಕಾವೇರಿ ಕನೆಕ್ಷನ್ನಾ, ಬೋರಾ, ಟ್ಯಾಂಕರಾ? 2024ರ ಬೇಸಿಗೆಯಲ್ಲಿ ಬೋರ್ ನಂಬಿಕೊಂಡಿದ್ದವರ ಪಾಡು ನಿಮ್ಮ ಮಗಳನ್ನೇ ಕೇಳಿ, ಆ ಕಡೆ ಗೊತ್ತಿರದವರಿಲ್ಲ. ಟೆರೇಸಿಗೆ ಬೀಗ ಹಾಕಿರುತ್ತಾರಾ ಅಂತಲೂ ಕೇಳಿ. ನಗಬೇಡಿ, ನನ್ನ ಹೆಂಡತಿ ಹಪ್ಪಳ ಒಣಗಿಸುವುದಕ್ಕೆ ಅಸೋಸಿಯೇಷನ್ ಜೊತೆ ಎಂಟು ತಿಂಗಳು ಜಗಳ ಆಡಿದ್ದಾಳೆ.

ಹೋಗಿ ವಾಪಸ್ ಬಂದವ:

ಎಲ್ಲರೂ ಬನ್ನಿ ಬನ್ನಿ ಅಂತಾರೆ, ನಾನು ಬೇರೆ ಹೇಳ್ತೀನಿ. ಸಕಲೇಶಪುರದ ಹತ್ತಿರದವನು. ಮಗನ ಮಾತು ಕೇಳಿ ಸರ್ಜಾಪುರ ರಸ್ತೆಯ ಅಪಾರ್ಟ್‌ಮೆಂಟಿಗೆ ಹೋದೆ, ಹನ್ನೊಂದನೇ ಮಹಡಿ. ಹದಿನಾಲ್ಕು ತಿಂಗಳಿಗೆ ಗಂಟುಮೂಟೆ ಕಟ್ಟಿಕೊಂಡು ವಾಪಸ್ ಬಂದೆ. ಸೌಕರ್ಯಕ್ಕೆ ಏನೂ ಕೊರತೆ ಇರಲಿಲ್ಲ. ಮಗ ಸೊಸೆ ಚೆನ್ನಾಗಿ ನೋಡಿಕೊಂಡರು. ಆದರೆ ಅವರು ಬೆಳಗ್ಗೆ ಹೋದರೆ ರಾತ್ರಿ ಬರುವುದು, ನಾನು ಕೆಳಗಿಳಿದು ವಾಚ್‌ಮನ್ ಪಕ್ಕ ಕೂರುತ್ತಿದ್ದೆ. ಅವನ ಊರು ಅಸ್ಸಾಂ. ನನಗೆ ಹಿಂದಿ ಬರಲ್ಲ, ಅವನಿಗೆ ಕನ್ನಡ ಬರಲ್ಲ. ಆದರೂ ಇಡೀ ದಿನದಲ್ಲಿ ನಾನು ಜಾಸ್ತಿ ಮಾತಾಡಿದ್ದು ಅವನ ಜೊತೆಗೇ.

ಅಕ್ಕ, ನಿಮ್ಮ ಯಜಮಾನರ "ನೋಡೋಣ" ನಂಗೆ ಚೆನ್ನಾಗಿ ಅರ್ಥ ಆಗುತ್ತೆ. ಅವರಿಗೆ ಆಸ್ಪತ್ರೆ ಬೇಡ ಅಂತಲ್ಲ. ಬೆಳಗ್ಗೆ ಎದ್ದು ಏನು ಮಾಡೋದು ಅನ್ನೋ ಹೆದರಿಕೆ. ಇಲ್ಲಿ ತೋಟಕ್ಕೆ ಒಂದು ಸುತ್ತು ಹೋದರೆ ಹತ್ತು ಕೆಲಸ ಕಣ್ಣಿಗೆ ಬೀಳುತ್ತೆ, ಒಂದನ್ನೂ ಮಾಡದಿದ್ದರೂ ಸರಿ, ಬೈಕೊಂಡು ಬರಬಹುದು. ಅಲ್ಲಿ ಯಾರನ್ನು ಬೈಯೋದು?

ಮಳೆಗಾಲ ನಾಲ್ಕು ತಿಂಗಳು ಮಾತ್ರ ಬೆಂಗಳೂರಲ್ಲಿದ್ದು ಬಾಕಿ ಊರಲ್ಲಿರಬಾರದಾ? ನಾನೀಗ ಅದನ್ನೇ ಮಾಡುತ್ತಿರುವುದು.

ಲೆಕ್ಕದ ಮಾವ:

ಭಾವನೆ ಎಲ್ಲ ಸರಿ, ದುಡ್ಡಿನ ಮಾತು ಯಾರೂ ಆಡಲಿಲ್ಲ. ಆಡಿಟರ್ ಆಫೀಸಿನಲ್ಲಿ ಮೂವತ್ತು ವರ್ಷ ಕೂತವನು ನಾನು.

ಮೇಡಂ, ದೊಡ್ಡದು ಮಾರಿ ಚಿಕ್ಕದು ಕೊಂಡರೆ ಕೈಯಲ್ಲಿ ಹಣ ಉಳಿಯುತ್ತೆ ಅನ್ನೋದು ಬೆಂಗಳೂರಿನಿಂದ ಆಚೆ ಹೋಗುವವರ ಲೆಕ್ಕ. ನೀವು ಒಳಗೆ ಬರುತ್ತಿದ್ದೀರಿ. ಹಳ್ಳಿಯ ಐದು ಕೋಣೆ ಮನೆಗೆ ಗಿರಾಕಿ ಸಿಗುವುದೇ ಕಷ್ಟ, ಸಿಕ್ಕಿದ ಹಣದಲ್ಲಿ ಮಲ್ಲೇಶ್ವರದಲ್ಲಿ ಒಂದು ಹಾಲ್ ಬಂದರೆ ನಿಮ್ಮ ಪುಣ್ಯ. 2013ರಲ್ಲಿ ರಾಜಾಜಿನಗರದ ಮನೆ ಮಾರಿದ್ದರ ಬಗ್ಗೆ ನಾನು ಏನೂ ಹೇಳಲ್ಲ, ನೀವೇ ಸಾಕಷ್ಟು ಸಲ ಅಂದುಕೊಂಡಿರುತ್ತೀರಿ.

ಕೊಳ್ಳುವುದಾದರೆ ರಿಜಿಸ್ಟ್ರೇಷನ್ ಖರ್ಚು ಮೊದಲೇ ತೆಗೆದಿಡಿ. 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ 1ರಿಂದ 2 ಆಗಿದೆ. 45 ಲಕ್ಷದ ಮೇಲಿನ ಮನೆಗೆ ಸ್ಟಾಂಪ್ ಡ್ಯೂಟಿ ಶೇ 5, ಅದರ ಮೇಲೆ ಸೆಸ್ಸು ಸರ್ಚಾರ್ಜು. ಎಲ್ಲ ಸೇರಿ ಒಂದು ಕೋಟಿಗೆ ಸುಮಾರು ಏಳೂವರೆ ಲಕ್ಷದ ಮೇಲೆ. ಇ-ಖಾತಾ, ಅಂದರೆ ಪಾಲಿಕೆಯ ಆನ್‌ಲೈನ್ ಆಸ್ತಿ ದಾಖಲೆ, ಇಲ್ಲದೆ ರಿಜಿಸ್ಟರ್ ಆಗಲ್ಲ. ಓಸಿ (ಕಟ್ಟಡದಲ್ಲಿ ವಾಸಿಸಬಹುದು ಅಂತ ಪಾಲಿಕೆ ಕೊಡುವ ಪತ್ರ) ಇಲ್ಲದ ಕಟ್ಟಡದ ಕಡೆ ತಲೆ ಹಾಕಬೇಡಿ, ಬಿಲ್ಡರ್ ಎಷ್ಟೇ ಸಿಹಿ ಮಾತಾಡಲಿ.

ಊರ ಮನೆ ಮಾರಿದರೆ ಲಾಭದ ಮೇಲೆ ತೆರಿಗೆ ಇದೆ. ಶೇ 12.5, ಇಲ್ಲವೇ 2024ರ ಜುಲೈಗೆ ಮುಂಚೆ ಮಾಡಿದ ಆಸ್ತಿಯಾದ್ದರಿಂದ ಇಂಡೆಕ್ಸೇಷನ್ ಹಾಕಿ, ಅಂದರೆ ಹಳೇ ಖರ್ಚನ್ನು ಬೆಲೆ ಏರಿಕೆಗೆ ತಕ್ಕಂತೆ ಹೆಚ್ಚಿಸಿಕೊಂಡು, ಶೇ 20. ಎರಡೂ ಲೆಕ್ಕ ಹಾಕಿ ಯಾವುದು ಕಡಿಮೆಯೋ ಅದು. ಆ ಲಾಭದ ಹಣದಲ್ಲಿ ಎರಡು ವರ್ಷದೊಳಗೆ ಬೇರೆ ಮನೆ ಕೊಂಡರೆ ವಿನಾಯಿತಿ ಸಿಗುತ್ತೆ, ಎಲ್ಲರ ಬಾಯಲ್ಲಿ ಸೆಕ್ಷನ್ 54 ಅಂತ ಓಡಾಡುವುದು ಇದೇ. ತೋಟ ಗ್ರಾಮೀಣ ಕೃಷಿ ಜಮೀನಾದರೆ ಅದರ ಲೆಕ್ಕ ಬೇರೆ, ಅದಕ್ಕೆ ಈ ತೆರಿಗೆ ಇಲ್ಲ. ಕಾಗದಪತ್ರ ಹಿಡಿದುಕೊಂಡು ಶಿವಮೊಗ್ಗದಲ್ಲೇ ಒಬ್ಬ ಆಡಿಟರ್ ಹತ್ತಿರ ಕೂತು ಬನ್ನಿ.

ಇನ್ನೊಂದು ಮಾತು, ತಪ್ಪು ತಿಳಿಯಬೇಡಿ. ಮಗಳ ಹೆಸರಲ್ಲೇ ತಗೊಂಡುಬಿಡೋಣ ಅಂತ ಯಾರಾದರೂ ಅಂದರೆ ಬೇಡ ಅನ್ನಿ. ಎಷ್ಟೇ ಒಳ್ಳೆಯ ಮಗಳಾದರೂ. ನಿಮ್ಮಿಬ್ಬರ ಹೆಸರಲ್ಲಿ ತಗೊಂಡು ವಿಲ್ ಬರೆದಿಡಿ. ಗಿಫ್ಟ್ ಡೀಡ್ ಮಾಡಲೇಬೇಕಾದರೆ "ನಮ್ಮನ್ನು ನೋಡಿಕೊಳ್ಳಬೇಕು" ಅನ್ನುವ ಷರತ್ತು ಅದರೊಳಗೆ ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ವಾಪಸ್ ಪಡೆಯಲು ದಾರಿ ಇದೆ, ಆದರೆ ಷರತ್ತು ಕಾಗದದಲ್ಲಿದ್ದರೆ ಗಟ್ಟಿ.

ಸೊರಬದ ಸೊಸೆ:

ಅಮ್ಮ, ನಾನು ಬರೀ ಸಾಮಾನಿನ ಬಗ್ಗೆ ಹೇಳ್ತೀನಿ. ನಮ್ಮತ್ತೆಯವರು ಊರಿಂದ ಬೆಂಗಳೂರಿಗೆ ಬರುವಾಗ ಒಂದು ಲಾರಿ ಸಾಮಾನು ತಂದರು. ಬಚ್ಚಲ ಹಂಡೆ ಬಾಲ್ಕನಿಯಲ್ಲಿ ಕೂತಿತು, ಅದರೊಳಗೆ ಈರುಳ್ಳಿ. ಮಂಚ ಲಿಫ್ಟಲ್ಲಿ ಹಿಡಿಸದೆ ಬೇಸ್‌ಮೆಂಟಿನಲ್ಲಿ ಎಂಟು ತಿಂಗಳು ನಿಂತಿತ್ತು. ಒಂದು ದಿನ ಅದರ ಕಾಲನ್ನು ಯಾರೋ ಗೆದ್ದಲು ಹಿಡಿದಿದೆ ಅಂತ ಹೊರಗೆ ಎಸೆದರು. ಅತ್ತೆ ಎರಡು ದಿನ ಊಟ ಮಾಡಲಿಲ್ಲ.

ಅದಕ್ಕೆ, ಬಿಡಬೇಕಾದ್ದನ್ನು ಊರಲ್ಲಿದ್ದಾಗಲೇ ಬಿಡಿ, ನಿಮ್ಮ ಕೈಯಾರೆ ಕೊಡಿ. ಹಿತ್ತಾಳೆ ಕಂಚು ತೂಕಕ್ಕೆ ಹಾಕಬೇಡಿ. ಅಂಥ ಕಂಚು ಈಗ ಹೊಸದು ಕೊಳ್ಳಲು ಹೋದರೆ ಬೆಲೆ ಕೇಳಿ ಬೆವರುತ್ತೆ. ಮಕ್ಕಳನ್ನು "ಏನು ಬೇಕು" ಅಂತ ಕೇಳಬೇಡಿ, ಏನೂ ಬೇಡ ಅಂತಾರೆ, ನಿಮಗೆ ಬೇಜಾರಾಗುತ್ತೆ. ಒಂದು ಲೋಟ ಕೈಗೆ ಕೊಟ್ಟು "ಇದು ನಿನ್ನ ಅಜ್ಜಿದು" ಅನ್ನಿ, ಇಟ್ಕೋತಾರೆ.

ಇನ್ನೊಂದು, ನಾನು ನಮ್ಮ ಅಮ್ಮನ ಹತ್ತಿರ ಮಾಡಿಸಿದ್ದು. ಯಾವುದಾದರೂ ಫ್ಲಾಟಿನ ಪ್ಲಾನ್ ತಗೊಳ್ಳಿ, ನಿಮ್ಮ ಜಗುಲಿ ಅಂಗಳದಲ್ಲಿ ರಂಗೋಲಿ ಪುಡಿಯಲ್ಲಿ ಅದೇ ಅಳತೆಗೆ ಗೆರೆ ಎಳೆಯಿರಿ. ಬೆಡ್‌ರೂಮು ಹತ್ತಡಿ ಹನ್ನೊಂದಡಿ, ಅಡುಗೆಮನೆ ಎಂಟಡಿ ಏಳಡಿ. ಕುರ್ಚಿ ಟೇಬಲ್ ಇಟ್ಟು ಒಳಗೆ ಓಡಾಡಿ ನೋಡಿ. ಏನು ಹಿಡಿಯುತ್ತೆ ಅಂತ ಯಾರೂ ಹೇಳಬೇಕಾಗಿಲ್ಲ.

ಅಪ್ಪೆಮಿಡಿ ಅಜ್ಜಿ:

ಎಲ್ಲರಿಗೂ ಉತ್ತರ ಬರೆಯಲು ತಡ ಆಯ್ತು, ಅಡಿಕೆ ಕೊನೆಕೊಯ್ಲು ನಡೀತಿತ್ತು. ಎಲೆಚುಕ್ಕೆ ರೋಗ ಬಂದು ಅರ್ಧಕ್ಕರ್ಧ ಫಸಲು, ಸುಲಿಯುವವರೂ ಸಿಗಲ್ಲ.

ಲೆಕ್ಕದ ಮಾವ, ರಾಜಾಜಿನಗರದ ಮಾತು ಎತ್ತಿ ಆಮೇಲೆ ಏನೂ ಹೇಳಲ್ಲ ಅಂದಿರಲ್ಲ, ಅದನ್ನು ಇವರಿಗೆ ಓದಿ ಹೇಳಲಿಲ್ಲ. ಬಾಕಿ ಎಲ್ಲ ಓದಿ ಹೇಳಿದೆ. ವಾಚ್‌ಮನ್ ಕಥೆಗೆ ಇವರು ಎರಡು ಸಲ ತಲೆ ಆಡಿಸಿದರು.

ಸೊರಬದ ಸೊಸೆ ಹೇಳಿದಂತೆ ಭಾನುವಾರ ಅಂಗಳದಲ್ಲಿ ಗೆರೆ ಎಳೆದೆ. ಮಗಳು ವಾಟ್ಸಾಪಲ್ಲಿ ಕಳಿಸಿದ್ದ ಪ್ಲಾನ್. ನಾನು ಬಗ್ಗಿ ಎಳೆಯುತ್ತಿದ್ದರೆ ಇವರು ಜಗುಲಿಯಲ್ಲಿ ಪೇಪರ್ ಓದುತ್ತಾ ಕೂತಿದ್ದರು. ಬೆಡ್‌ರೂಮು ಮುಗಿದು ಹಾಲಿಗೆ ಬಂದೆ ನೋಡಿ, ಎದ್ದು ಬಂದರು. "ಗೋಡೆ ದಪ್ಪ ಎಲ್ಲಿ ಬಿಟ್ಟಿದ್ದೀಯ? ಬಾಗಿಲು ಯಾವ ಕಡೆ ತೆಗೆಯುತ್ತೆ?" ಅಂತ ಶುರು ಮಾಡಿದರು. ಒಳಗೆ ಹೋಗಿ ಟೇಪ್ ತಂದರು, ನನ್ನ ಗೆರೆ ಎಲ್ಲ ಕಾಲಲ್ಲಿ ಅಳಿಸಿ ತಾವೇ ಹೊಸದಾಗಿ ಎಳೆದರು. ಒಂದೂವರೆ ಗಂಟೆ. ಕುರ್ಚಿ ತಂದು ಕಿಟಕಿ ಬರುವ ಜಾಗದಲ್ಲಿ ಹಾಕಿಕೊಂಡು ಕೂತು, ಪುಸ್ತಕದ ಬೀರು ಒಂದೇ ಹಿಡಿಯುತ್ತೆ ಅಂದರು. ನಾನು ಏನೂ ಮಾತಾಡಲಿಲ್ಲ, ಕಾಫಿ ತಂದುಕೊಟ್ಟೆ. ಗೆರೆಯೊಳಗೇ ಕೂತು ಕುಡಿದೆವು.

ಮನೆ ಮಾರಲ್ಲ. ಸದ್ಯಕ್ಕೆ ಹನ್ನೊಂದು ತಿಂಗಳ ಬಾಡಿಗೆ, ಮಾರ್ಚ್‌ನಿಂದ. ಅಡಿಕೆ ಕೆಲಸ ಆಗ ಮುಗಿದಿರುತ್ತೆ, ಮಿಡಿ ಉಪ್ಪಿಗೆ ಹಾಕಿ ಹೊರಡುತ್ತೇವೆ. ಮಲ್ಲೇಶ್ವರ ಅಥವಾ ರಾಜಾಜಿನಗರ, ನೆಲಮಹಡಿ ಇಲ್ಲವೇ ಲಿಫ್ಟ್ ಇರುವ ಮನೆ, ಸ್ಟ್ರೆಚರ್ ಹಿಡಿಸುವ ಲಿಫ್ಟ್. ಹದಿನೈದನೇ ಕ್ರಾಸ್ ಅವರೇ, ನಿಮ್ಮ ಸುತ್ತಮುತ್ತ ಬೋರ್ಡ್ ಕಂಡರೆ ತಿಳಿಸಿ. ಟೆರೇಸಿನ ಬೀಗದ ಕೈ ಯಾರ ಹತ್ತಿರ ಇದೆ ಅಂತಲೂ ಕೇಳಿಡಿ.

ಭರಣಿ ನಾಲ್ಕು ಹಿಡಿಯುತ್ತೆ, ಅಳೆದು ನೋಡಿದೆ, ಸಿಂಕಿನ ಕೆಳಗೆ. ಉಳಿದ ಹದಿಮೂರರಲ್ಲಿ ಬೇಕಾದವರು ಹೇಳಿ. ಬಂದು ಒಯ್ಯಬೇಕು, ಕೊರಿಯರ್ ಮಾಡಲ್ಲ.