ಅಕ್ಕಿ ಲೋಡಿಗೆ ಡೀಸೆಲ್ ಪಿಕಪ್ಪಾ, ಸಿಎನ್‌ಜಿನಾ? ಸಹಾಯ ಬೇಕು

ಅಣ್ಣಂದಿರೇ, ಗಂಗಾವತಿ ರೈಸ್ ಮಿಲ್‌ಗಳಿಂದ ಅಕ್ಕಿ ಚೀಲ ಸಾಗಿಸುವುದು ನನ್ನ ಕೆಲಸ. ಹಳೇ ಡೀಸೆಲ್ ಪಿಕಪ್ ಕೊಟ್ಟು ಹೊಸದು ತಗೋಬೇಕು. ಯಾವುದು ಅಂತ ತಲೆ ಕೆಟ್ಟುಹೋಗಿದೆ.

ಶೋರೂಮಿನವರು ಸಿಎನ್‌ಜಿ ಖರ್ಚು ಕಮ್ಮಿ ಅನ್ನುತ್ತಾರೆ. ಮೆಕ್ಯಾನಿಕ್ ಮಾತ್ರ ಲೋಡ್ ಎಳೆಯೋಕೆ ಡೀಸೆಲ್ಲೇ ಸರಿ ಅನ್ನುತ್ತಾನೆ. ಇಬ್ಬರೂ ಅರ್ಧ ಮಾತ್ರ ಹೇಳುತ್ತಿದ್ದಾರೆ ಅನ್ನಿಸುತ್ತದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 (ಹೊಗೆ ಮಾಲಿನ್ಯದ ಹೊಸ ನಿಯಮ) ಡೀಸೆಲ್ ಗಾಡಿಗಳಲ್ಲಿ ಹೊಗೆ ಸೋಸುವ ಡಿಪಿಎಫ್ ಇರುತ್ತದೆ. ಅದರೊಳಗೆ ಕೂತ ಮಸಿ ಸುಟ್ಟುಹೋಗಲು ಗಾಡಿ ಸ್ವಲ್ಪ ಹೊತ್ತು ಒಂದೇ ಸಮ ಓಡಬೇಕು. ನನ್ನದೋ, ಮಿಲ್ ಗೇಟಿನಲ್ಲಿ ಎಂಜಿನ್ ಆನ್ ಇಟ್ಟು ಕ್ಯೂ ನಿಲ್ಲುವುದು, ಊರೊಳಗೆ ಎರಡನೇ ಗೇರಿನಲ್ಲಿ ತೆವಳುವುದೇ ಜಾಸ್ತಿ. ಕೊಪ್ಪಳ ದಾಟಿ ಹುಬ್ಬಳ್ಳಿ ಹೈವೇ ಹಿಡಿಯುವುದು ಅಪರೂಪ.

ಸಿಎನ್‌ಜಿಗೆ ಆ ತಾಪತ್ರಯ ಇಲ್ಲ. ಆದರೆ ಸಿಲಿಂಡರ್ ತೂಕದಷ್ಟು ಲೋಡ್ ಕಮ್ಮಿ ಹಾಕಬೇಕಾಗುತ್ತದೆ. 3 ವರ್ಷಕ್ಕೊಮ್ಮೆ ಸಿಲಿಂಡರಿನ ಹೈಡ್ರೋ ಟೆಸ್ಟ್ (ನೀರಿನ ಒತ್ತಡ ಹಾಕಿ ಗಟ್ಟಿ ಇದೆಯಾ ಅಂತ ನೋಡುವುದು) ಬೇರೆ. ನಾನೇ ಕೂತು ಲೆಕ್ಕ ಹಾಕಿದರೆ ಕಿಲೋಮೀಟರಿಗೆ ಸಿಎನ್‌ಜಿ ಅಗ್ಗ, ಚೀಲದ ಲೆಕ್ಕಕ್ಕೆ ಬಂದರೆ ಗೊಂದಲ.

ಈ ಭಾಗದಲ್ಲಿ ಸಿಎನ್‌ಜಿ ಪಿಕಪ್ ಓಡಿಸುವವರು ಹೇಳಿ: ಫುಲ್ ಲೋಡಿನಲ್ಲಿ ಕೆಜಿಗೆ ಎಷ್ಟು ಕಿಲೋಮೀಟರ್ ಬರುತ್ತದೆ, ಏರಿನಲ್ಲಿ ಎಳೆಯುತ್ತದಾ? ಊರೊಳಗೇ ಬಿಎಸ್6 ಡೀಸೆಲ್ ಓಡಿಸುವವರಿಗೆ ಡಿಪಿಎಫ್ ಲೈಟ್ ಪದೇ ಪದೇ ಬರುತ್ತದಾ?